ಗಟ್ಟಿ ಮನಸ್ಸು ಬೇಕೆಂದು ಪಟ್ಟಿ ಬರೆದುಕೊಂಡು ಬಂದವರು

ಈ ಕಷ್ಟಕಾಲದಲ್ಲಿ ನಿಮ್ಮಲ್ಲಿ ಯಾವ ಗುಣ ಬೆಳೆಯಬೇಕೆಂದು ಬಯಸುತ್ತೀರಿ ಎಂದು ಕೇಳಿದರೆ, ಕಲಬುರಗಿಯಲ್ಲಿ ನನ್ನ ಬಳಿ ಆಪ್ತಸಲಹೆಗೆ ಬರುವವರಲ್ಲಿ ಅನೇಕರು, ಅದರಲ್ಲೂ ಮನೆಯ ಹೊಣೆ ಹೊತ್ತ ಗಂಡಸರು, ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತಾರೆ: ಮನಸ್ಸು ಗಟ್ಟಿಯಾಗಬೇಕು, ನಮ್ಮ ಸಂಕಟ ಯಾರಿಗೂ ಗೊತ್ತಾಗಬಾರದು. ಈ ಉತ್ತರ ಮೇಲಿಂದ ಮೇಲೆ ಎದುರಾಗುತ್ತಿರುವುದರಿಂದ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಹಲವು ವಿವರಗಳನ್ನು ಬದಲಿಸಿದ್ದೇನೆ.

ಹಾಗೆ ಬಂದ ಗಂಡಸರಲ್ಲೊಬ್ಬರು ನಗರದ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವರು. ಹಳ್ಳಿಯಲ್ಲಿ ತಂದೆಯ ಹೆಸರಿನಲ್ಲಿ ಮಳೆಯನ್ನೇ ನಂಬಿದ ಎರೆ ಹೊಲ, ಅದರಲ್ಲಿ ತೊಗರಿ. ಒಂದು ವರ್ಷ ನೆಟೆ ರೋಗಕ್ಕೆ ಬೆಳೆ ಒಣಗಿತು, ಮರುವರ್ಷ ಹೊಲದಲ್ಲಿ ನೀರು ನಿಂತು ಬೇರು ಕೊಳೆಯಿತು. ಆಮೇಲೆ ತಂದೆ ಲಕ್ವಾ ಹೊಡೆದು ಹಾಸಿಗೆ ಹಿಡಿದರು. ಬ್ಯಾಂಕಿನ ಬೆಳೆ ಸಾಲ, ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಅಡತಿ ದಲ್ಲಾಳಿಗಳಲ್ಲಿ ತಂದ ಮುಂಗಡ, ಊರಿನಲ್ಲಿ ನೂರಕ್ಕೆ ಮೂರು ರೂಪಾಯಿ ತಿಂಗಳ ಬಡ್ಡಿಯ ಕೈಗಡ, ಇವೆಲ್ಲ ಮಗನಿಗೆ ತಿಳಿದದ್ದು ತಂದೆ ಆಸ್ಪತ್ರೆಯಲ್ಲಿದ್ದಾಗ, ಸಾಲ ಕೊಟ್ಟವರು ಒಬ್ಬೊಬ್ಬರಾಗಿ ಬಂದು ಹೇಳಿದ ಮೇಲೆ. ನಿದ್ದೆ ಹೋಗಿತ್ತು, ಮಗುವಿನ ಮೇಲೆ ರೇಗುತ್ತಿದ್ದರು, ಮಿಲ್ಲಿನ ಲೆಕ್ಕದಲ್ಲಿ ತಪ್ಪುಗಳಾಗತೊಡಗಿದ್ದವು.

ಸಾಲದ ಮಾತು ಬಂದಾಗಲೆಲ್ಲ ಸಾಯುವ ಯೋಚನೆ ಬಂದಿದೆಯೇ ಎಂದು ನಾನು ನೇರವಾಗಿ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಅನೇಕರಿಗಿದೆ; ಅದು ನಿರಾಧಾರ. ಅವರು ಇಲ್ಲವೆಂದರು, ನನಗೂ ಅದು ನಿಜವೆನ್ನಿಸಿತು.

ಎರಡನೆಯ ಭೇಟಿಗೆ ಬರುವಾಗ ಅವರು ಲೆಕ್ಕದ ಪುಸ್ತಕದಿಂದ ಹರಿದ ಹಾಳೆಯೊಂದನ್ನು ತಂದಿದ್ದರು. ಎಡಗಡೆಯ ಕಾಲಮಿನಲ್ಲಿ ಕ್ರಮಸಂಖ್ಯೆ ಹಾಕಿ, ತಾವು ಬೆಳೆಸಿಕೊಳ್ಳಬೇಕಾದ ಗುಣಗಳನ್ನು ನೀಟಾಗಿ ಬರೆದಿದ್ದರು. ತಾಳ್ಮೆ, ಧೈರ್ಯ, ಸಿಟ್ಟು ಮಾಡದಿರುವುದು, ಯಾರ ಮುಂದೂ ಕೈ ಚಾಚದಿರುವುದು, ಮನೆಯ ಮಾತು ಹೊರಗೆ ಹೋಗದಂತೆ ನೋಡಿಕೊಳ್ಳುವುದು. 'ಅಳಬಾರದು' ಎಂಬುದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆಗಳಿದ್ದವು. ಇವನ್ನು ಅಭ್ಯಾಸ ಮಾಡಿಸಿರೆಂದು ಹಾಳೆಯನ್ನು ನನ್ನ ಕಡೆಗೆ ಸರಿಸಿದರು.

"ಈ ಗುಣಗಳೆಲ್ಲ ಇರುವ ಯಾರನ್ನಾದರೂ ಕಂಡಿದ್ದೀರಾ?" ಎಂದು ಕೇಳಿದೆ.

"ನಮ್ಮಪ್ಪಾರೀ, ಮೇಡಂ," ಎಂದು ತಡವರಿಸದೆ ಹೇಳಿದರು. ತಂದೆ ಎಂಥ ಬರದಲ್ಲೂ ಬಾಯಿ ಬಿಟ್ಟವರಲ್ಲ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡುವಾಗಲೂ ದುಡ್ಡು ಎಲ್ಲಿಂದ ಬಂತೆಂದು ಮನೆಯಲ್ಲಿ ಯಾರಿಗೂ ತಿಳಿಯಗೊಡಲಿಲ್ಲ ಎಂದು ಅಭಿಮಾನದಿಂದಲೇ ವಿವರಿಸುತ್ತ ಹೋದವರು, ಹೊಲದಲ್ಲಿ ನೀರು ನಿಂತ ವಿಷಯಕ್ಕೆ ಬಂದಾಗ ಮಾತು ನಿಧಾನಿಸಿದರು. "ಆವತ್ತೇ ಒಂದು ಫೋನ್ ಮಾಡಿದ್ರ ನಾನೇ ಬೆಳೆ ವಿಮೆದವ್ರಿಗಿ ಹೇಳ್ತಿದ್ದೆ. ನಮಗ ಗೊತ್ತಾಗೋದ್ರಾಗ ಹದಿನೈದು ದಿನ ಆಗಿತ್ರಿ."

ಫಸಲ್ ಬಿಮಾ ಯೋಜನೆಯಲ್ಲಿ ಹೊಲಕ್ಕೆ ನೀರು ನುಗ್ಗುವಂಥ ಸ್ಥಳೀಯ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕು. ತಂದೆ ವಿಮೆಯ ಕಂತು ಕಟ್ಟಿದ್ದರು, ಹಾನಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಇದನ್ನು ಹೇಳಿ ಮುಗಿಸಿದ ಮೇಲೆ ಅವರು ತಮ್ಮ ಹಾಳೆಯನ್ನು ಮತ್ತೆ ಓದಿಕೊಂಡು, "ಅಂದ್ರ ನಾನೂ ಹಂಗೇ ಆಗ್ಲಿಕತ್ತೀನೇನ್ರಿ?" ಎಂದರು.

ಹೌದೆನ್ನಲು ನನಗೆ ಮನಸ್ಸಾಗಲಿಲ್ಲ. ಒಟ್ಟು ಸಾಲ ಎಷ್ಟೆಂದು ಮನೆಯಲ್ಲಿ ಯಾರಿಗೆ ಗೊತ್ತಿದೆ ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. "ಸ್ವಲ್ಪ ತೊಂದ್ರಿ ಅದ" ಎಂದಷ್ಟೇ ಹೆಂಡತಿಗೆ ಹೇಳಿದ್ದರು.

ಭಾನುವಾರದೊಳಗೆ ಹೆಂಡತಿಯ ಮುಂದೆ ಕುಳಿತು ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಒಟ್ಟು ಎಷ್ಟು ಎಂಬುದನ್ನು ಪೂರ್ತಿ ಹೇಳಬೇಕು. ದುಃಖವನ್ನು ಹೇಳಿಕೊಳ್ಳಬೇಕಾಗಿಲ್ಲ, ಅಂಕಿ ಹೇಳಿದರೆ ಸಾಕು ಎಂಬುದು ನಾನು ಕೊಟ್ಟ ಸಲಹೆ. ಮನಸ್ಸು ಬಿಚ್ಚಿ ಮಾತಾಡಿ ಎಂದು ಇಂಥವರಿಗೆ ಹೇಳಿ ಪ್ರಯೋಜನವಿಲ್ಲ, ಏಕೆಂದರೆ ಎಲ್ಲಿಂದ ಬಿಚ್ಚಬೇಕೆಂದೇ ಅವರಿಗೆ ತಿಳಿಯುವುದಿಲ್ಲ. ಲೆಕ್ಕ ಬರೆಯುವವರಿಗೆ ಲೆಕ್ಕ ಒಪ್ಪಿಸುವುದು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ಐದು ಭೇಟಿಗಳ ಆಪ್ತಸಲಹಾ ಕೈಪಿಡಿಯಲ್ಲೂ ಬಗೆಹರಿಯಬಲ್ಲ ಸಮಸ್ಯೆಯನ್ನು ಬೇರ್ಪಡಿಸುವುದಕ್ಕೆ ಮತ್ತು ನೆರವಾಗಬಲ್ಲವರ ಆಸರೆಯನ್ನು ಗಟ್ಟಿಮಾಡಿಕೊಳ್ಳುವುದಕ್ಕೆ ಪ್ರತ್ಯೇಕ ಸ್ಥಾನವಿದೆ. ಸಹಾಯ ಬೇಡುವುದೂ ಅಭ್ಯಾಸದಿಂದ ಬರುವ ಗುಣವೇ ಎಂದು ನಾನು ನಂಬಿದ್ದೇನೆ.

ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. ಧೈರ್ಯ ಕೇಳಿಕೊಂಡು ಬಂದವನಿಗೆ ಧೈರ್ಯ ತುಂಬಬೇಕು, ಮನೆಯ ಯಜಮಾನನ ಮಾನವನ್ನು ಕೆಳಗಿಳಿಸಬಾರದು ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸಾಲವಾಗಿದೆ ಎಂಬ ಸುದ್ದಿ ಹಬ್ಬಿದರೆ ಮಗಳ ಸಂಬಂಧ ತಪ್ಪುತ್ತದೆ, ಬಿತ್ತನೆಗೆ ಬೀಜ ಉದ್ರಿ ಸಿಗುವುದಿಲ್ಲ; ಆ ತಂದೆಯ ಮೌನಕ್ಕೆ ಇಂಥ ಕಾರಣಗಳಿದ್ದವು, ಆ ಮೌನದಲ್ಲೇ ಮಕ್ಕಳ ಓದು ನಡೆಯಿತು. ಆದ್ದರಿಂದಲೇ ಊರಿಗೆಲ್ಲ ಹೇಳಿ ಎನ್ನದೆ ಒಬ್ಬರನ್ನು ಆರಿಸಿಕೊಟ್ಟೆ. ಆದರೆ ಎಲ್ಲವನ್ನೂ ಒಳಗೇ ಹಿಡಿದಿಡುವ ಶಕ್ತಿಯನ್ನು ಇನ್ನಷ್ಟು ಬೆಳೆಸಿ ಕಳಿಸಿದ್ದರೆ, ವಿಮೆಯ ಗಡುವನ್ನು ತಪ್ಪಿಸಿದ ಗುಣವನ್ನೇ ಮುಂದಿನ ತಲೆಮಾರಿಗೂ ದಾಟಿಸಿದಂತಾಗುತ್ತಿತ್ತು.

ಹೆಂಡತಿ ಕೆಲವು ದಿನ ಮಾತು ಬಿಟ್ಟರು. ಸಾಲಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ಸ್ವಸಹಾಯ ಸಂಘದ ಪುಸ್ತಕ ಬರೆಯುವ ಆಕೆ ಆಮೇಲೆ ತಾವೇ ಸಾಲಗಳನ್ನು ಬಡ್ಡಿಯ ಪ್ರಕಾರ ಸಾಲಾಗಿ ಬರೆದು, ಮೂರು ರೂಪಾಯಿ ಬಡ್ಡಿಯದನ್ನು ಮೊದಲು ತೀರಿಸೋಣವೆಂದರಂತೆ. ಬಂಗಾರ ಅಡವಿಡುವ ವಿಚಾರದಲ್ಲಿ ಇಬ್ಬರಿಗೂ ಜಗಳವಾಯಿತು, ಅದು ಇನ್ನೂ ಮುಗಿದಿಲ್ಲ. ನಿದ್ದೆ ಸುಧಾರಿಸಿದೆ. ಪಟ್ಟಿಯ ತಾಳ್ಮೆಯನ್ನು ನಾವು ಹಾಗೆಯೇ ಉಳಿಸಿಕೊಂಡೆವು. ಅದು ಮಗುವಿನ ಜೊತೆ ಬೇಕಾಗಿತ್ತು.

ಇದೇ ಸಲಹೆಯನ್ನು ಎಲ್ಲರಿಗೂ ಕೊಡುವುದಿಲ್ಲ. ಹೇಳಿದರೆ ಹೊಡೆತ ಬೀಳುವ ಮನೆಯ ಹೆಣ್ಣುಮಗಳಿಗೆ ಗಂಡನ ಮುಂದೆ ಹೇಳೆನ್ನಲಾರೆ. ಆಕೆಗೆ ತವರಿನವರೋ, ಆಶಾ ಕಾರ್ಯಕರ್ತೆಯೋ, ನಂಬಿಕೆಯ ಗೆಳತಿಯೋ ಮೊದಲ ಕೇಳುಗರಾಗಬೇಕು. ಹೇಳಿಕೊಳ್ಳಲು ಯಾರೂ ತೋಚದವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ, ಖರ್ಚಿಲ್ಲದೆ ಮಾತಾಡಬಹುದು.