‘ಪೈ’ ಸಿನಿಮಾ ತರಹದ ಕಪ್ಪು-ಬಿಳುಪು, ಬಿಳಿ ಗೋಡೆಯ ಚಿಕ್ಕ ರೂಮಿನಲ್ಲಿ ತೆಗೆದ ನಮ್ಮ ಕಿರುಚಿತ್ರದಲ್ಲಿ ಬರೀ ಬೂದು ಬಣ್ಣವಾಗಿ ಕಾಣುವುದೇಕೆ?
ತೊಂದರೆ ಬಹುಶಃ ಎಡಿಟಿಂಗ್‌ನಲ್ಲಿಲ್ಲ, ಲೈಟಿಂಗ್‌ನಲ್ಲಿದೆ. 1998ರ ‘ಪೈ’ಯನ್ನು 16 ಎಂಎಂ ಕಪ್ಪು-ಬಿಳುಪು ರಿವರ್ಸಲ್ ಫಿಲ್ಮ್‌ನಲ್ಲಿ (ನೆಗೆಟಿವ್ ಇಲ್ಲದೆ ನೇರವಾಗಿ ಪಾಸಿಟಿವ್ ಚಿತ್ರ ಕೊಡುವ ಫಿಲ್ಮ್) ತೆಗೆದಿದ್ದಾರೆ. ಅದರಲ್ಲಿ ನಡುವಿನ ಛಾಯೆಗಳು ಹೆಚ್ಚು ಉಳಿಯುವುದಿಲ್ಲ. ನೆರಳು ಇದ್ದಿಲು, ಬೆಳಕು ಸುಣ್ಣ.

ಮೊದಲು ಟ್ಯೂಬ್‌ಲೈಟ್ ಆಫ್ ಮಾಡಿ, ಕಿಟಕಿ ಮುಚ್ಚಿ. ಡಿಫ್ಯೂಷನ್ (ಬೆಳಕನ್ನು ಮೃದುವಾಗಿಸುವ ಪರದೆ) ಇಲ್ಲದ ಒಂದೇ ದೀಪವನ್ನು ಮುಖದ ಪಕ್ಕಕ್ಕಿಡಿ. ಎದುರು ಕೆನ್ನೆಯ ಕಡೆ ಕಪ್ಪು ಬಟ್ಟೆ ಕಟ್ಟಲೇಬೇಕು. ನೀವು ಹೇಳಿದ ಆ ಬಿಳಿ ಗೋಡೆಯ ಚಿಕ್ಕ ರೂಮಿನಲ್ಲಿ ಗೋಡೆಯೇ ಬೆಳಕನ್ನು ವಾಪಸ್ ಎರಚಿ ನೆರಳನ್ನು ತೊಳೆದುಬಿಡುತ್ತದೆ, ಎಷ್ಟೋ ಜನ ಎಡವುವುದು ಇಲ್ಲೇ. ಹಣೆಯ ಹೊಳಪು ಮಾತ್ರ ಪೂರ್ತಿ ಬಿಳಿಯಾಗುವಷ್ಟು ಎಕ್ಸ್‌ಪೋಷರ್ ಕೊಡಿ. ಆಮೇಲೆ ಎಡಿಟಿಂಗ್‌ನಲ್ಲಿ ಬಣ್ಣ ತೆಗೆದು, ಕರ್ವ್‌ನಲ್ಲಿ (ಬೆಳಕು-ನೆರಳಿನ ಮಟ್ಟ ಬದಲಿಸುವ ಗೆರೆ) ನೆರಳನ್ನು ಕೆಳಕ್ಕೆಳೆದು, ಬೆಳಕನ್ನು ಮೇಲಕ್ಕೆತ್ತಿ. ಗ್ರೇನ್ (ಫಿಲ್ಮ್‌ನಂಥ ಸಣ್ಣ ಚುಕ್ಕೆಗಳು) ಕೊನೆಗೆ ಸೇರಿಸಿ. ಫುಟೇಜ್ 8 ಬಿಟ್ (ಛಾಯೆಗಳ ಹಂತಗಳು ಕಡಿಮೆ ಇರುವ ರೆಕಾರ್ಡಿಂಗ್) ಆಗಿದ್ದರೆ ಕರ್ವ್ ಜಾಸ್ತಿ ಎಳೆಯಬೇಡಿ, ಗೋಡೆ ಮೇಲೆ ಪಟ್ಟೆ ಪಟ್ಟೆ ಬರುತ್ತದೆ.