ಶೇ 75 ವಸೂಲಿ, ಆದರೂ ಕರೆಂಟ್ ಬಿಲ್ ಬಾಕಿ

ಪ್ರಶ್ನೆ: ನಮ್ಮ ಪಂಚಾಯಿತಿಯ ವಾರ್ಷಿಕ ವರದಿಯಲ್ಲಿ ತೆರಿಗೆ ವಸೂಲಿ ಶೇ 75 ಎಂದಿದೆ. ಆದರೆ ಬೋರಿನ ಮೋಟರ್ ಸುಟ್ಟರೆ ರಿವೈಂಡಿಂಗ್ ಮಾಡಿಸಲು ದುಡ್ಡಿಲ್ಲ, ಕರೆಂಟ್ ಬಿಲ್ಲೂ ಬಾಕಿ. ಲೆಕ್ಕ ಎಲ್ಲಿ ತಪ್ಪಿದೆ?
– ಗ್ರಾಮ ಪಂಚಾಯಿತಿ ಸದಸ್ಯೆ, ಕುಷ್ಟಗಿ ತಾಲ್ಲೂಕು

ಉತ್ತರ: ವಸೂಲಿಯಾದ ಹಣವನ್ನು ಯಾವ ಮೊತ್ತದಿಂದ ಭಾಗಿಸಿದ್ದಾರೆ ಎಂದು ಮೊದಲು ನೋಡಿ, ತಾಯಿ. ಬೇಡಿಕೆ–ವಸೂಲಿ–ಬಾಕಿ ತಃಖ್ತೆ ತರಿಸಿಕೊಳ್ಳಿ. ಕಚೇರಿಯಲ್ಲಿ ‘ಡಿಸಿಬಿ’ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಅದರಲ್ಲಿ ಹಿಂಬಾಕಿ ಬೇರೆ, ಚಾಲ್ತಿ ಸಾಲಿನ ಬೇಡಿಕೆ ಬೇರೆ ಇರಬೇಕು. ಒಂದು ಉದಾಹರಣೆ: ಚಾಲ್ತಿ ಬೇಡಿಕೆ 6 ಲಕ್ಷ, ಹಿಂಬಾಕಿ 9 ಲಕ್ಷ, ವಸೂಲಿ ಒಟ್ಟು 4.5 ಲಕ್ಷ ಎಂದಿಟ್ಟುಕೊಳ್ಳಿ. ಈ 4.5 ಲಕ್ಷದಲ್ಲಿ 3 ಲಕ್ಷ ಹಿಂಬಾಕಿಯದು. ಒಟ್ಟು ವಸೂಲಿಯನ್ನು ಚಾಲ್ತಿ ಬೇಡಿಕೆಯಿಂದ ಮಾತ್ರ ಭಾಗಿಸಿದರೆ ಶೇ 75 ಬರುತ್ತದೆ. ಸರಿಯಾಗಿ ಹಾಕಿದರೆ ಚಾಲ್ತಿ ವಸೂಲಿ 6 ಲಕ್ಷಕ್ಕೆ 1.5 ಲಕ್ಷ, ಅಂದರೆ ಶೇ 25. ಹಿಂಬಾಕಿ ಸೇರಿಸಿ 15 ಲಕ್ಷಕ್ಕೆ 4.5 ಲಕ್ಷ ಎಂದರೂ ಶೇ 30 ಮಾತ್ರ. ಹಿಂಬಾಕಿಯನ್ನು ವಸೂಲಿಯಲ್ಲಿ ಸೇರಿಸಿ, ಬೇಡಿಕೆಯಲ್ಲಿ ಬಿಟ್ಟಾಗ ಪಂಚಾಯಿತಿ ಚೆನ್ನಾಗಿ ನಡೆಯುತ್ತಿರುವಂತೆ ಕಾಣುತ್ತದೆ.

ಇನ್ನೊಂದು ತಪ್ಪು ಬೇಡಿಕೆಯಲ್ಲೇ ಅಡಗಿರುತ್ತದೆ. ಬೇಡಿಕೆಯನ್ನೇ ಕಡಿಮೆ ಬರೆದರೆ ಶೇಕಡಾವಾರು ತಾನಾಗಿಯೇ ಏರುತ್ತದೆ. ಒಂದು ಓಣಿ ಹಿಡಿದು 50 ಮನೆ ಎಣಿಸಿ, ತೆರಿಗೆ ರಿಜಿಸ್ಟರಿನಲ್ಲಿ ಅವೇ ಮನೆಗಳನ್ನು ಹುಡುಕಿ. ರಿಜಿಸ್ಟರಿನಲ್ಲಿ ಇಲ್ಲದ ಮನೆ ಎಷ್ಟು, ಆರ್‌ಸಿಸಿ ಆಗಿದ್ದರೂ ಇನ್ನೂ ತಗಡಿನ ಮನೆ ಎಂದೇ ಬರೆದಿರುವುದು ಎಷ್ಟು ಎಂದು ಗುರುತು ಹಾಕಿ. ಅಂಗಡಿ ಸಾಲು, ಮೊಬೈಲ್ ಟವರ್, ಊರ ಹೊರಗಿನ ಹೊಸ ಲೇಔಟ್‌ಗಳನ್ನೂ ನೋಡಿ. 50ರಲ್ಲಿ 10 ಮನೆ ಬಿಟ್ಟುಹೋಗಿದ್ದರೆ ನಿಮ್ಮ ಐದರಲ್ಲೊಂದು ಮನೆಗೆ ಬೇಡಿಕೆಯೇ ಹುಟ್ಟಿಲ್ಲ ಎಂದಾಯಿತು.

ಈಗ ಮೋಟರ್ ರಿಪೇರಿಯ ಮಾತು. ಬಿಡಲಾಗದ ಖರ್ಚು ಪ್ರತಿ ಪಂಚಾಯಿತಿಗೂ ಇದೆ: ಬೋರು ಮತ್ತು ಬೀದಿದೀಪದ ಕರೆಂಟು, ನೀರುಗಂಟಿಯ ಸಂಬಳ, ಮೋಟರ್ ಮತ್ತು ಪೈಪ್ ದುರಸ್ತಿ, ಬ್ಲೀಚಿಂಗ್ ಪೌಡರ್. ವರ್ಷಕ್ಕೆ ಇವೆಲ್ಲ ಸೇರಿ 7.5 ಲಕ್ಷ ಎನ್ನೋಣ. ಸ್ವಂತ ಆದಾಯವನ್ನು ಇದರಿಂದ ಭಾಗಿಸಿ. 4.5 ಲಕ್ಷ ಬಂದರೆ ಖರ್ಚಿನ ರೂಪಾಯಿಗೆ 60 ಪೈಸೆ ತನ್ನದು. ಆದರೆ ಹಿಂಬಾಕಿಯ 3 ಲಕ್ಷ ಒಮ್ಮೆ ಬಂದದ್ದು, ಮರುವರ್ಷ ಬಾರದು. ಅದನ್ನು ತೆಗೆದರೆ ಉಳಿಯುವುದು 20 ಪೈಸೆ. ಪಂಚಾಯಿತಿ ಬಾಳಿಕೆ ಬರುತ್ತದೋ ಇಲ್ಲವೋ ಎಂದು ಕೇಳಿದರೆ ನಾವು ಮೊದಲು ನೋಡುವುದು ಇದನ್ನೇ. ಅನುದಾನ ಬರುತ್ತದಲ್ಲ ಎನ್ನುವವರಿಗೆ ನೆನಪಿಸಿ: 2021-22ರಿಂದ 2025-26ರವರೆಗೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಡಲಾಗಿತ್ತು, ಉಳಿದ ಶೇ 40ರಲ್ಲೂ ಸಂಬಳ ಕೊಡುವಂತಿರಲಿಲ್ಲ.

ಜಮಾಬಂದಿಯ ದಿನ, ಅಂದರೆ ಪಂಚಾಯಿತಿಯ ವರ್ಷದ ಲೆಕ್ಕವನ್ನು ಜನರ ಮುಂದೆ ಪರಿಶೀಲಿಸುವ ದಿನ, ಈ ಎರಡು ಅಂಕಿಯನ್ನು, ಅಂದರೆ ಚಾಲ್ತಿ ವಸೂಲಿಯ ಶೇಕಡಾವಾರು ಮತ್ತು ರೂಪಾಯಿಗೆ ಎಷ್ಟು ಪೈಸೆ ತನ್ನದು ಎಂಬುದನ್ನು, ಮೂರು ವರ್ಷದ್ದು ಒಟ್ಟಿಗೆ ಓದಿಸಿ. ಪಕ್ಕದ ಪಂಚಾಯಿತಿಗೆ ಹೋಲಿಸಬೇಡಿ. ಅವರ ಬೋರಿನ ಆಳ, ಊರಿನ ಅಂಗಡಿ, ಕಾರ್ಖಾನೆ ಎಲ್ಲವೂ ಬೇರೆ.

ಪ್ರಶ್ನೆ: ನಮ್ಮೂರಲ್ಲಿ ಎಲ್ಲ ಮನೆಗೂ ನಳ ಹಾಕಿದ್ದಾರೆ, ‘ನೂರಕ್ಕೆ ನೂರು’ ಎಂದು ಬೋರ್ಡೂ ಇದೆ. ಕಡೇ ಓಣಿಗೆ ನೀರು ಸಾಲುವುದಿಲ್ಲ. ಸಂಘದ ಹೆಣ್ಣುಮಕ್ಕಳೇ ಅಳೆಯಬಹುದೇ?
– ಸ್ವಸಹಾಯ ಸಂಘದ ಪ್ರತಿನಿಧಿ, ಮಾನ್ವಿ ತಾಲ್ಲೂಕು

ಉತ್ತರ: ಖಂಡಿತ ಅಳೆಯಬಹುದು. 20 ಲೀಟರಿನ ಬಕೆಟ್ ಮತ್ತು ಮೊಬೈಲಿನ ಗಡಿಯಾರ ಸಾಕು. ಟ್ಯಾಂಕಿನ ಬುಡದಲ್ಲಿ ಮೂರು ಮನೆ, ನಡುವೆ ಮೂರು, ಲೈನಿನ ಕೊನೆಯಲ್ಲಿ ಮೂರು ಆರಿಸಿ. ನೀರು ಬಿಟ್ಟ ಹೊತ್ತು, ನಿಂತ ಹೊತ್ತು, ಬಕೆಟ್ ತುಂಬಲು ಹಿಡಿದ ನಿಮಿಷ ಬರೆಯಿರಿ. ಎರಡು ವಾರ ಬಿಡದೆ ಮಾಡಿ. ಏಪ್ರಿಲ್–ಮೇನಲ್ಲಿ ಮತ್ತೊಮ್ಮೆ ಮಾಡಿ, ಏಕೆಂದರೆ ದೀಪಾವಳಿಯ ಹೊತ್ತಿನ ಅಳತೆ ಬೇಸಿಗೆಗೆ ನಿಲ್ಲುವುದಿಲ್ಲ.

ಹಳ್ಳಿಯ ಮನೆಮನೆಗೆ ನಳದ ನೀರು ಕೊಡುವ ಜಲಜೀವನ ಮಿಷನ್‌ನ ಗುರಿ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275. ಕಡೇ ಮನೆಯಲ್ಲಿ ಬಕೆಟ್ ತುಂಬಲು ಎರಡೂವರೆ ನಿಮಿಷ, ನೀರು ಬರುವುದು 40 ನಿಮಿಷ ಎಂದರೆ 16 ಬಕೆಟ್, 320 ಲೀಟರ್. ಸಾಕು ಎನಿಸುತ್ತದೆ. ಆದರೆ ನೀರು ಬರುವುದು ಮೂರು ದಿನಕ್ಕೊಮ್ಮೆಯಾದರೆ 320ನ್ನು ಮೂರರಿಂದ, ಮತ್ತೆ ಐದರಿಂದ ಭಾಗಿಸಿ: ತಲೆಗೆ 21 ಲೀಟರ್. ಈ ಮೂರರ ಭಾಗಾಕಾರವನ್ನೇ ವರದಿ ಬರೆಯುವವರು ಮರೆಯುತ್ತಾರೆ. ಊರಿನ ಸರಾಸರಿಯನ್ನಂತೂ ತೆಗೆಯಲೇಬೇಡಿ. ಬುಡದ ಮನೆಗೆ 80, ಕಡೇ ಮನೆಗೆ 21 ಬಂದರೆ ಸರಾಸರಿ 50 ದಾಟುತ್ತದೆ, ಕಡೇ ಓಣಿಯವರ ಕಷ್ಟ ಕಾಗದದಲ್ಲಿ ಮಾಯವಾಗುತ್ತದೆ. ಕೊನೆಯ ಮೂರು ಮನೆಗಳ ಅಂಕಿಯೇ ಊರಿನ ಅಂಕಿ ಎಂದು ಹಟ ಹಿಡಿಯಿರಿ.

ಕೊರತೆಗೆ ಕಾರಣ ಹೆಚ್ಚಾಗಿ ಬೋರಿನಲ್ಲಿರುವುದಿಲ್ಲ, ಲೈನಿನಲ್ಲಿರುತ್ತದೆ: ಓಣಿಗೊಂದು ವಾಲ್ವ್ ಇಲ್ಲದೆ ಎಲ್ಲ ಕಡೆ ಒಟ್ಟಿಗೆ ಬಿಡುವುದು, ತಿರುಪಿಲ್ಲದ ನಳ, ರಸ್ತೆ ದಾಟುವಲ್ಲಿ ಒಡೆದ ಪೈಪ್, ನಳಕ್ಕೆ ನೇರವಾಗಿ ಹಚ್ಚಿದ ಅರ್ಧ ಎಚ್‌ಪಿ ಮೋಟರ್. ಹೊಸ ಬೋರು ಕೊರೆಸುವ ಠರಾವು ಬರೆಯುವ ಮೊದಲು ಈ ನಾಲ್ಕನ್ನೂ ನೋಡಿ. ಎಷ್ಟೋ ಊರಲ್ಲಿ ನಾಲ್ಕು ವಾಲ್ವ್ ಕೂರಿಸಿದರೆ ಸಾಕಾಗುತ್ತದೆ.

ಗುಣಮಟ್ಟಕ್ಕೂ ಕಡೇ ನಳವೇ ಅಳತೆಯ ಜಾಗ. ಕ್ಲೋರಿನ್ ಹಾಕಿದ ನೀರಿನಲ್ಲಿ ಅಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಶುದ್ಧ ನೀರಿನ ಘಟಕದಲ್ಲಿ ಟಿಡಿಎಸ್ ಮೀಟರ್ ಅದ್ದಿ ‘ಚೆನ್ನಾಗಿದೆ’ ಎಂದರೆ ನಂಬಬೇಡಿ. ಆ ಮೀಟರ್ ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಎಂದು ಅಂದಾಜಿಸುತ್ತದೆ, ಅದರಲ್ಲಿ ಫ್ಲೋರೈಡ್ ಎಷ್ಟೆಂದು ಹೇಳಲಾರದು. ಪಂಚಾಯಿತಿಯ ಫೀಲ್ಡ್ ಟೆಸ್ಟ್ ಕಿಟ್ಟಿನಲ್ಲಿ ನೋಡಿ, ಬಣ್ಣ ಅನುಮಾನ ಹುಟ್ಟಿಸಿದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಘಟಕಗಳ ಲೆಕ್ಕ ಕೇಳುವಾಗಲೂ ಎಷ್ಟು ಕಟ್ಟಿದ್ದಾರೆ ಎನ್ನದೆ, ಕಳೆದ 90 ದಿನದಲ್ಲಿ ಎಷ್ಟು ದಿನ ನಡೆದವು ಎಂದು ಕೇಳಿ.

ಪ್ರಶ್ನೆ: ಕೇಂದ್ರದ ಸೂಚ್ಯಂಕದಲ್ಲಿ ನಮ್ಮ ಪಂಚಾಯಿತಿ ‘ಆಸ್ಪಿರಂಟ್’ ಅಂತೆ. ಇದು ಕಳಪೆಯೇ?
– ಪದವಿ ವಿದ್ಯಾರ್ಥಿ, ಸಂಡೂರು

ಉತ್ತರ: ಅದು ಪಂಚಾಯಿತಿ ಅಡ್ವಾನ್ಸ್‌ಮೆಂಟ್ ಇಂಡೆಕ್ಸ್. 9 ವಿಷಯಗಳ ಮೇಲೆ 100ಕ್ಕೆ ಅಂಕ ಕೊಡುತ್ತಾರೆ. 40ರಿಂದ 60ರೊಳಗಿದ್ದರೆ ಆಸ್ಪಿರಂಟ್, 75ರವರೆಗೆ ಪರ್ಫಾರ್ಮರ್, 90ರವರೆಗೆ ಫ್ರಂಟ್ ರನ್ನರ್, ಅದರ ಮೇಲೆ ಅಚೀವರ್. 2022-23ರ ಮಾಹಿತಿ ಆಧರಿಸಿ 2025ರ ಏಪ್ರಿಲ್‌ನಲ್ಲಿ ಬಂದ ಮೊದಲ ಪಟ್ಟಿಯಲ್ಲಿ 2,16,285 ಪಂಚಾಯಿತಿಗಳಿದ್ದವು. 1,32,392 ಆಸ್ಪಿರಂಟ್, ಅಚೀವರ್ ಒಂದೂ ಇಲ್ಲ. ಹಾಗಾಗಿ ನಾಚಿಕೆಪಡುವಂಥದ್ದಲ್ಲ. ಒಟ್ಟು ಅಂಕವನ್ನು ಬಿಟ್ಟು ನಾಲ್ಕನೆಯ ವಿಷಯ ತೆರೆಯಿರಿ, ಅದು ನೀರಿನದು. ಅಲ್ಲಿ ತುಂಬಿದ ಮಾಹಿತಿಯನ್ನು ಮೇಲೆ ಹೇಳಿದ ಬಕೆಟ್ ಲೆಕ್ಕದ ಪಕ್ಕ ಇಟ್ಟು ನೋಡಿ. ತಾಳೆಯಾಗದಿದ್ದರೆ ಗ್ರಾಮಸಭೆಯಲ್ಲಿ ಬರಹದಲ್ಲಿ ತಕರಾರು ಕೊಡಿ, ನಡಾವಳಿಯಲ್ಲಿ ಸೇರಿಸಿದ್ದಾರೆಯೇ ಎಂದು ಓದಿಸಿಕೊಂಡೇ ಎದ್ದು ಬನ್ನಿ.

ಪ್ರಶ್ನೆ: ಗ್ರಾಮಸಭೆ ನಡೆದದ್ದಕ್ಕೆ ಫೋಟೊ ಇದೆ, ಕೆಲಸ ಆಗಿಲ್ಲ. ದಾಖಲೆ ಹೇಗೆ ಪಡೆಯಬೇಕು?
– ರೈತ, ಯಲಬುರ್ಗಾ

ಉತ್ತರ: ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅರ್ಜಿ ಕೊಡಿ. 30 ದಿನದೊಳಗೆ ಉತ್ತರ ಬರಬೇಕು. ‘ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ತಳ್ಳಿಹಾಕಲು ದಾರಿ ಸಿಗುತ್ತದೆ. ಹಿಂದಿನ ಎರಡು ಗ್ರಾಮಸಭೆಗಳ ದಿನಾಂಕ ನಮೂದಿಸಿ, ನಡಾವಳಿ ಪುಸ್ತಕದ ಆ ಪುಟಗಳ ನಕಲು ಮತ್ತು ಪ್ರತಿ ಠರಾವಿನ ಕ್ರಮ ವರದಿ ಮಾತ್ರ ಕೇಳಿ. ಅರ್ಜಿ ಒಂದೇ ವಿಷಯದ್ದಿರಲಿ, 150 ಪದ ಮೀರದಿರಲಿ.