ದೃಷ್ಟಿ ಸರಿಯಿರುವಾಗ ಅಕ್ಷಿಪಟಲದ ಚುಕ್ಕೆಗಳಿಗೆ ಹೆದರಬೇಕೇ?

ಕನ್ನಡಕದ ನಂಬರು ಬದಲಿಸಲು ಹೋದಾಗ ಎರಡೂ ಕಣ್ಣುಗಳ ಅಕ್ಷಿಪಟಲದಲ್ಲಿ (ಕಣ್ಣಿನ ಹಿಂಭಾಗದಲ್ಲಿರುವ, ಬೆಳಕನ್ನು ಗ್ರಹಿಸುವ ಪದರ) ಕೆಂಪು ಚುಕ್ಕೆಗಳೂ ಹಳದಿ ಕಲೆಗಳೂ ಕಂಡುಬಂದವೆಂದು, ಸಕ್ಕರೆ ಮತ್ತು ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳುವಂತೆ ವೈದ್ಯರು ಸೂಚಿಸಿದರೆಂದು ಬರೆದಿದ್ದೀರಿ. ದೃಷ್ಟಿ ಸ್ಪಷ್ಟವಾಗಿಯೇ ಇರುವುದರಿಂದ ಈ ಸಲಹೆಯನ್ನು ಎಷ್ಟರಮಟ್ಟಿಗೆ ಗಂಭೀರವಾಗಿ ಪರಿಗಣಿಸಬೇಕು ಎಂಬುದು ನಿಮ್ಮ ಪ್ರಶ್ನೆ. ಅಕ್ಷಿಪಟಲದ ಕಾಯಿಲೆಗಳಿಗೆ ಚಿಕಿತ್ಸೆ ನೀಡುವ ನೇತ್ರವೈದ್ಯನಾಗಿ ಹೇಳುತ್ತೇನೆ: ಈ ವಾರವೇ ಪರೀಕ್ಷೆ ಮಾಡಿಸಿಕೊಳ್ಳಿ.

ಚರ್ಮವನ್ನು ಕೊಯ್ಯದೆ ಸಣ್ಣ ರಕ್ತನಾಳಗಳನ್ನು ನೇರವಾಗಿ, ವಿವರವಾಗಿ ನೋಡಲು ಅಕ್ಷಿಪಟಲದಷ್ಟು ಅನುಕೂಲವಾದ ಜಾಗ ದೇಹದಲ್ಲಿ ಮತ್ತೊಂದಿಲ್ಲ. 1851ರಲ್ಲಿ ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ತಮ್ಮ ನೇತ್ರದರ್ಶಕವನ್ನು ಪ್ರಕಟಪಡಿಸಿದ ಮೇಲೆ ಈ ನೋಟ ವೈದ್ಯರಿಗೆ ದಕ್ಕಿತು.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ, ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳ ಗೋಡೆಗೆ ಆಧಾರವಾಗಿರುವ ಪೆರಿಸೈಟ್ ಎಂಬ ಕೋಶಗಳು ಸಾಯುತ್ತವೆ. ಆಧಾರ ತಪ್ಪಿದ ಗೋಡೆ ಅಲ್ಲಲ್ಲಿ ಉಬ್ಬುತ್ತದೆ. ನಿಮ್ಮ ಕೆಂಪು ಚುಕ್ಕೆಗಳಲ್ಲಿ ಕೆಲವು ಇಂಥ ಉಬ್ಬುಗಳಾಗಿರಬಹುದು, ಕೆಲವು ಅವುಗಳಿಂದ ಸೋರಿದ ರಕ್ತವಾಗಿರಬಹುದು. ಗೋಡೆಯಿಂದ ಒಸರಿದ ದ್ರವ ಹೀರಿಹೋದ ಮೇಲೂ ಅದರಲ್ಲಿದ್ದ ಕೊಬ್ಬು ಮತ್ತು ಪ್ರೋಟೀನು ಅಲ್ಲೇ ಉಳಿದು, ಅಂಚು ಸ್ಪಷ್ಟವಾಗಿರುವ ಹಳದಿ ಕಲೆಗಳಾಗುತ್ತವೆ. ಇವು ಕೆಲವೊಮ್ಮೆ ಉಂಗುರದಂತೆ ಕೂಡಿಕೊಂಡಿರುತ್ತವೆ. ಅಂಥ ಉಂಗುರ ಕಂಡಾಗ ನಾನು ಮೊದಲು ಅದರ ನಡುಭಾಗವನ್ನು ನೋಡುತ್ತೇನೆ, ಏಕೆಂದರೆ ಸೋರುವ ನಾಳ ಸಾಮಾನ್ಯವಾಗಿ ಅಲ್ಲಿರುತ್ತದೆ.

ದೃಷ್ಟಿಯ ವಿಷಯ ಹೀಗಿದೆ. ಅಕ್ಷರಗಳ ಫಲಕವನ್ನು ಓದಲು ಬಳಕೆಯಾಗುವುದು ಅಕ್ಷಿಪಟಲದ ಮಧ್ಯಭಾಗವಾದ ಮ್ಯಾಕುಲಾದ ನಟ್ಟನಡುವಿನ ಅತಿ ಸಣ್ಣ ಭಾಗ ಮಾತ್ರ. ಅಲ್ಲಿಗೆ ನೀರು ತಲುಪುವವರೆಗೆ ಸುತ್ತಲೂ ಎಷ್ಟೇ ಸೋರಿದರೂ ಕೊನೆಯ ಸಾಲಿನವರೆಗೆ ಓದಲು ಸಾಧ್ಯ. ಇನ್ನೂ ಮುಂದಿನ ಹಂತದಲ್ಲಿ ಲೋಮನಾಳಗಳು ಮುಚ್ಚಿಹೋಗಿ, ಆಮ್ಲಜನಕ ಸಾಲದ ಅಕ್ಷಿಪಟಲದ ಮೇಲೆ ದುರ್ಬಲವಾದ ಹೊಸ ನಾಳಗಳು ಬೆಳೆಯುತ್ತವೆ. ಅವು ಒಡೆದು ಕಣ್ಣಿನೊಳಗೆ ರಕ್ತ ತುಂಬುವ ಹಿಂದಿನ ದಿನವೂ ರೋಗಿಗೆ ಎಲ್ಲವೂ ಸರಿಯಾಗಿ ಕಾಣುತ್ತಿರಬಹುದು. ನನ್ನನ್ನು ಅತಿ ಹೆಚ್ಚು ನೋಯಿಸುವ ಸಂಗತಿ ಇದು, ಏಕೆಂದರೆ ಈ ಕುರುಡುತನವನ್ನು ಬಹುಮಟ್ಟಿಗೆ ತಡೆಯಬಹುದು.

ಹಾಗೆಂದು ಎಲ್ಲ ಚುಕ್ಕೆಯೂ ಮಧುಮೇಹದ್ದಲ್ಲ. ರಕ್ತದೊತ್ತಡ ಬಹಳ ಏರಿದಾಗ ನರತಂತುಗಳ ಗುಂಟ ಹರಡಿದ ಜ್ವಾಲೆಯಾಕಾರದ ರಕ್ತಸ್ರಾವಗಳು ಕಾಣುತ್ತವೆ. ದಪ್ಪಗಾದ ಅಪಧಮನಿ ತನ್ನ ಕೆಳಗೆ ಹಾಯುವ ಅಭಿಧಮನಿಯನ್ನು ಅದುಮಿರುತ್ತದೆ. ಇದರೊಂದಿಗೆ ದೃಷ್ಟಿನರದ ತಲೆಯೂ ಊದಿದ್ದರೆ ಅದು ತುರ್ತುಸ್ಥಿತಿ. ವಯಸ್ಸಿಗೆ ಸಂಬಂಧಿಸಿದ ಮ್ಯಾಕುಲಾ ಸವೆತದಲ್ಲಿ ಕಾಣುವ ಡ್ರೂಸೆನ್ (ಅಕ್ಷಿಪಟಲದ ಕೆಳಗೆ ಶೇಖರವಾಗುವ ಕಲ್ಮಶ) ಕೂಡ ಹಳದಿಯೇ, ಆದರೆ ಅದಕ್ಕೂ ಮಧುಮೇಹದಲ್ಲಿ ನಾಳಗಳು ಸೋರುವುದಕ್ಕೂ ಸಂಬಂಧವಿಲ್ಲ. ಮ್ಯಾಕುಲಾದ ನಡುವೆ ಚೆರ್ರಿ ಹಣ್ಣಿನ ಬಣ್ಣದ ಕೆಂಪು ಚುಕ್ಕೆಯೊಂದು ಕಂಡರೆ, ವಯಸ್ಸಾದವರಲ್ಲಿ ಅದು ಅಕ್ಷಿಪಟಲದ ಮುಖ್ಯ ಅಪಧಮನಿ ಮುಚ್ಚಿಹೋದುದರ ಸೂಚನೆ; ಹಸುಗೂಸಿನಲ್ಲಾದರೆ ಟೇ-ಸ್ಯಾಕ್ಸ್‌ನಂಥ ಆನುವಂಶಿಕ ಚಯಾಪಚಯ ರೋಗವನ್ನು ಶಂಕಿಸಬೇಕು. ಸುತ್ತಲಿನ ನರಕೋಶಗಳು ಬೆಳ್ಳಗಾಗಿ, ಅಂಥ ಕೋಶಗಳಿಲ್ಲದ ನಡುಭಾಗ ಮಾತ್ರ ಕೆಂಪಾಗಿ ಉಳಿಯುವುದೇ ಎರಡರಲ್ಲೂ ಕಾರಣ. ಹೀಗೆ ಒಂದೇ ಗುರುತಿಗೆ ಹಲವು ಮೂಲಗಳಿರುವುದರಿಂದಲೇ ನಿಮ್ಮ ವೈದ್ಯರು ಕಣ್ಣನ್ನು ನೋಡಿ ತೀರ್ಪು ಕೊಡದೆ ರಕ್ತಪರೀಕ್ಷೆ ಕೇಳಿದ್ದಾರೆ. ಅದು ಸರಿಯಾದ ಕ್ರಮ.

ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ರಕ್ತಪರೀಕ್ಷೆ), ರಕ್ತದೊತ್ತಡ, ಕೊಬ್ಬಿನಂಶ, ಮೂತ್ರದ ಆಲ್ಬುಮಿನ್ ಇಷ್ಟನ್ನೂ ಮಾಡಿಸಿ. ಎಚ್‌ಬಿಎ1ಸಿ ಶೇಕಡಾ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಮಧುಮೇಹದ ವ್ಯಾಪ್ತಿ. ಪಾಪೆ ಹಿಗ್ಗಿಸಿ ಪೂರ್ಣ ತಪಾಸಣೆಯನ್ನೂ, ಮ್ಯಾಕುಲಾದ ಓಸಿಟಿ ಸ್ಕ್ಯಾನನ್ನೂ (ಬೆಳಕಿನಿಂದ ಅಕ್ಷಿಪಟಲದ ಪದರಗಳ ಚಿತ್ರ ತೆಗೆಯುವ ಪರೀಕ್ಷೆ) ಕೇಳಿ. ಆರಂಭದ ಹಂತವಾದರೆ ಸಕ್ಕರೆ, ಒತ್ತಡಗಳ ನಿಯಂತ್ರಣ ಮತ್ತು ನಿಯಮಿತ ತಪಾಸಣೆ ಸಾಕಾಗಬಹುದು. ಮ್ಯಾಕುಲಾ ಊದಿ ದೃಷ್ಟಿ ಕುಂದಿದ್ದರೆ ಕಣ್ಣಿನೊಳಗೆ ಚುಚ್ಚುಮದ್ದು, ಹೊಸ ನಾಳಗಳಿದ್ದರೆ ಲೇಸರ್ ಅಥವಾ ಚುಚ್ಚುಮದ್ದು ಬೇಕಾಗುತ್ತದೆ. ಬಹುಕಾಲ ಏರಿದ್ದ ಸಕ್ಕರೆ ಒಮ್ಮೆಲೇ ಇಳಿದಾಗ ಅಕ್ಷಿಪಟಲ ಕೆಲವರಲ್ಲಿ ಮೊದಲ ಕೆಲವು ತಿಂಗಳು ಹದಗೆಡುವುದುಂಟು. ಹಾಗಾದರೆ ಔಷಧ ನಿಲ್ಲಿಸಬೇಡಿ, ಕಣ್ಣಿನ ತಪಾಸಣೆಯನ್ನು ಹೆಚ್ಚಿಸಿ.